ಎರಡು ಪಾಲಿಶ್ ಮಿಷನ್ನು ಮತ್ತು ತಿಪ್ಪಯ್ಯನ ಅಂಗೈ

ಎಂಬತ್ತೈದನೇ ಇಸವಿಯ ಡಿಸೆಂಬರ್ ತಿಂಗಳ ಒಂದು ಶನಿವಾರ ಬೆಳಗ್ಗೆ, ತಿಪಟೂರಿನ ಬಿ.ಎಚ್. ರಸ್ತೆಯ ಸೌದೆ ಡಿಪೋ ಹಿಂದಿನ ತಗಡಿನ ಶೆಡ್ಡಿನಲ್ಲಿ, ಒಂದೇ ಬೆಂಚಿನ ಮೇಲೆ ಎರಡು ಪಾಲಿಶ್ ಮಿಷನ್ನುಗಳಿದ್ದವು. ಅವುಗಳ ಎದುರಿಗೆ ಕಾರಿಗೆ ಬಣ್ಣ ಹೊಡೆಯುವ ತಿಪ್ಪಯ್ಯ, ಹೆಣ್ಣು ನೋಡಲು ಬಂದು ಅಕ್ಕನನ್ನು ಒಪ್ಪುವುದೋ ತಂಗಿಯನ್ನು ಒಪ್ಪುವುದೋ ತಿಳಿಯದೆ ಬೆವರುವ ಗಂಡಿನ ಹಾಗೆ ಕೂತಿದ್ದ. ನೋಡಿದವರಿಗೆ ನಗು ಬರುತ್ತಿತ್ತು. ಅವನಿಗೆ ಮಾತ್ರ ಬರುತ್ತಿರಲಿಲ್ಲ.

ಎಡಗಡೆಯದು ಹಳೆಯದು, ರೋಟರಿ. ಹದಿನೇಳು ವರ್ಷದಿಂದ ಅವನ ಕೈಯಲ್ಲೇ ಇರುವುದು. ಎರಡು ಕೈಯಲ್ಲೂ ಬಿಗಿಯಾಗಿ ಹಿಡಿಯದಿದ್ದರೆ ಕೊಸರಿಕೊಂಡು ಓಡಿಹೋಗುವ ಪೈಕಿ. ಉಣ್ಣೆಯ ಟೋಪಿ ಹಾಕಿದ ಅದರ ತಟ್ಟೆ ನಿಂತಲ್ಲೇ ಗಿರಗಿರನೆ ತಿರುಗುತ್ತದೆ. ಎಂಥ ಗೀರಿದ್ದರೂ ಕಿತ್ತು ಹಾಕುತ್ತದೆ. ಒಂದು ಗಳಿಗೆ ಹೆಚ್ಚು ನಿಂತಿತೋ, ಗೀರಿನ ಜೊತೆಗೆ ಬಣ್ಣವೂ ಸುಟ್ಟು ಹೋಗಿ ತಗಡು ಕಾಣುತ್ತದೆ. ಬಲಗಡೆಯದು ಹೊಸದು. ತುಮಕೂರಿನಲ್ಲಿ ಗಂಡ ತೀರಿಕೊಂಡ ಮೇಲೆ ತಾನೇ ಬಣ್ಣದ ಅಂಗಡಿ ನಡೆಸುವ ವಿಮಲಮ್ಮ ಅದನ್ನು ಬಸ್ಸಿನಲ್ಲಿ ಕಳಿಸಿದ್ದಳು, ಜೊತೆಗೊಂದು ಚೀಟಿ: "ಇದಕ್ಕೆ ಆರ್ಬಿಟಲ್ ಅಂತಾರೆ. ತಟ್ಟೆ ತಿರುಗ್ತಾ ತಿರುಗ್ತಾನೇ ಜಾಗ ಬದಲಾಯಿಸ್ತಾ ಓಲಾಡುತ್ತೆ. ಎಲ್ಲೂ ಬಿಸಿ ನಿಲ್ಲಲ್ಲ, ಬಣ್ಣ ಸುಡಲ್ಲ. ಕೆಲಸ ಮಾತ್ರ ನಿಧಾನ. ಒಂದು ವಾರ ಓಡಿಸಿ ನೋಡಿ. ಹಿಡಿಸದಿದ್ರೆ ಅದೇ ಬಸ್ಸಿಗೆ ಹಾಕಿ."

ರೋಟರಿ ಹಿಡಿಯುವವನಿಗೆ ಇರುವುದು ಒಂದೇ ಮೀಟರು, ಅವನ ಅಂಗೈ. ಮೂರು ಸುತ್ತು ಓಡಿಸು, ನಿಲ್ಲಿಸು, ತಗಡಿನ ಮೇಲೆ ಅಂಗೈ ಇಡು. ಬೆಚ್ಚಗಿದ್ದರೆ ಮುಂದುವರಿ, ಚುರ್ ಎಂದರೆ ಅಲ್ಲಿಂದ ತೊಲಗು. ತಿಪ್ಪಯ್ಯನಿಗೆ ಗುರು ಕಲಿಸಿದ್ದು ಇಷ್ಟೇ, ಅವನು ಹೆಸರು ಮಾಡಿದ್ದೂ ಇಷ್ಟರಿಂದಲೇ. ಆದರೆ ಎರಡು ತಿಂಗಳಿಂದ ಅವನ ಬಲ ಅಂಗೈಗೆ ಬಿಸಿ ಯಾವುದು, ತಣ್ಣಗೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ಎಡಗೈಯೂ ಅದರ ಹಿಂದೆಯೇ ಹೊರಟಿತ್ತು. ಮೊಣಕೈ ಇಟ್ಟು ನೋಡಬಹುದಿತ್ತು, ಯಾರೂ ಇಲ್ಲದಾಗ ನೋಡಿಯೂ ಇದ್ದ. ಆದರೆ ಮೊಣಕೈಯಲ್ಲಿ ಕಾರು ಸವರುವ ಪೇಂಟರನ್ನು ಕಂಡು ಏನಯ್ಯಾ ಇದು ಎಂದು ಕೇಳದೆ ಬಿಡುವಷ್ಟು ಒಳ್ಳೆಯವರು ತಿಪಟೂರಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಕೈಗೆ ಏನಾಗಿದೆ ಎಂಬುದರ ಬಗ್ಗೆ ಅವನಿಗೆ ಅನುಮಾನವೇ ಇರಲಿಲ್ಲ. ಚಳಿಯ ಬೆಳಗ್ಗೆ ಸೈಕಲ್ ತುಳಿದುಕೊಂಡು ಶೆಡ್ಡಿಗೆ ಬರುವಷ್ಟರಲ್ಲಿ ಬೆರಳುಗಳು ಸುಣ್ಣ ಬಳಿದಂತೆ ಬೆಳ್ಳಗಾಗಿರುತ್ತಿದ್ದವು. ಸ್ಪರ್ಶ ಹೋಗುವುದು, ಬಿಳಿ ಮಚ್ಚೆ ಬೀಳುವುದು, ಆಮೇಲೆ ಬೆರಳು ಮೊಂಡಾಗುವುದು. ದೊಡ್ಡ ರೋಗ ಬರುವ ದಾರಿ ಇದೇ ಅಲ್ಲವೇ. ದಂಡಿನಶಿವರದ ಅವನ ಸೋದರಮಾವ ಕೆಂಚಯ್ಯನಿಗೆ ಬಂದದ್ದೂ ಹೀಗೆಯೇ. ಕೆಂಚಯ್ಯನನ್ನು ತೋಟದ ಕೊನೆಯ ಗುಡಿಸಲಿನಲ್ಲಿ ಇಟ್ಟಿದ್ದರು. ಅನ್ನದ ಪಾತ್ರೆ ತೆಗೆದುಕೊಂಡು ಹೋಗುತ್ತಿದ್ದವನು ತಿಪ್ಪಯ್ಯನೇ. "ಬಾರ್ಲಾ ಅಳಿಯಾ, ಒಸಿ ಕೂತ್ಕಂಡು ಮಾತಾಡು" ಎಂದು ಮಾವ ಕರೆಯುತ್ತಿದ್ದರೆ ಪಾತ್ರೆಯನ್ನು ಕಲ್ಲಿನ ಮೇಲಿಟ್ಟು ತಿರುಗಿ ನೋಡದೆ ಓಡಿ ಬರುತ್ತಿದ್ದ. ಮಾವ ಸತ್ತಾಗ ಗುಡಿಸಲಿಗೆ ಬೆಂಕಿ ಹಾಕಿದರು. ಈ ನಲವತ್ತಾರನೇ ವಯಸ್ಸಿನಲ್ಲಿ ತಿಪ್ಪಯ್ಯನಿಗೆ ಆ ಬೆಂಕಿ ಪದೇ ಪದೇ ನೆನಪಿಗೆ ಬರುತ್ತಿತ್ತು.

ಅವನು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಹೊಂಬಾಳಮ್ಮನಿಗಂತೂ ಇಲ್ಲವೇ ಇಲ್ಲ. ಸರ್ಕಾರಿ ಆಸ್ಪತ್ರೆಯ ಗೇಟಿನವರೆಗೆ ಎರಡು ಸಲ ಹೋಗಿ, ಗುರುತಿನವರು ಕಂಡರೆಂದು ಎಲೆ ಅಡಿಕೆ ಕೊಂಡು ವಾಪಸು ಬಂದಿದ್ದ. ಅವನು ಎಲೆ ಅಡಿಕೆ ಹಾಕುವವನೇ ಅಲ್ಲ. ಹೋದ ತಿಂಗಳು ಹೊನ್ನವಳ್ಳಿಯ ಒಬ್ಬರ ಜೀಪಿನ ಬಾಗಿಲಿನ ಅಂಚನ್ನು ಸುಟ್ಟಿದ್ದ. "ಹಳೇ ಬಣ್ಣ ಸ್ವಾಮಿ, ಒಳಗೇ ಸತ್ತೋಗಿತ್ತು" ಎಂದು ಸುಳ್ಳು ಹೇಳಿ ಬಚಾವಾಗಿದ್ದ. ಆ ಸುಳ್ಳನ್ನು ಎಷ್ಟು ಸಲ ಹೇಳಲಾದೀತು? ಆಮೇಲೆಯೇ ಅವನು ವಿಮಲಮ್ಮನಿಗೆ ಕಾಗದ ಬರೆದದ್ದು.

ಒಂಬತ್ತೂವರೆಗೆ ಕೊಬ್ಬರಿ ಮಂಡಿ ಮರುಳಸಿದ್ದಯ್ಯನವರ ಕರಿ ಅಂಬಾಸಿಡರ್ ಬಂದು ನಿಂತಿತು. ಮರುಳಸಿದ್ದಯ್ಯನವರು ಹಣೆಯ ತುಂಬ ವಿಭೂತಿ ಬಳಿದುಕೊಂಡ, ನಾಲ್ಕು ಜನ ಕೇಳಲಿ ಎಂದೇ ಮಾತಾಡುವ ದೊಡ್ಡ ಮನುಷ್ಯರು. ಮಾರನೆಯ ದಿನ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ರೈಲಿನಲ್ಲಿ ಬರುವವರಿದ್ದರು. ಅವರನ್ನು ಸ್ಟೇಷನ್ನಿನಿಂದ ಇದೇ ಕಾರಿನಲ್ಲಿ ಕರೆತರಬೇಕಿತ್ತು.

"ತಿಪ್ಪಯ್ಯ, ಬೀಗರು ಈ ಬಾನೆಟ್ಟಿನಾಗೆ ಮುಖ ನೋಡ್ಕಂಡು ಕ್ರಾಪು ತಿದ್ಕಬೇಕು ಕಣಯ್ಯ. ಸಂಜೆ ಐದಕ್ಕೆ ಗಾಡಿ ಬೇಕು" ಎಂದು ಶೆಡ್ಡಿನಲ್ಲಿದ್ದ ಒಂದೇ ಒಂದು ಕುರ್ಚಿಯನ್ನು ಎಳೆದುಕೊಂಡು ಕೂತೇ ಬಿಟ್ಟರು. ಹೋಗುವ ಲಕ್ಷಣ ಕಾಣಲಿಲ್ಲ. ಇನ್ನು ತಿಪ್ಪಯ್ಯ ಮೊಣಕೈ ಇಟ್ಟು ನೋಡುವ ಹಾಗಿರಲಿಲ್ಲ.

ದೂರದಿಂದ ಕಾರು ಥಳಥಳ ಹೊಳೆಯುತ್ತಿತ್ತು. ಹತ್ತಿರ ಹೋದರೆ ವಾಸನೆ ಬೇರೆಯೇ ಹೇಳುತ್ತಿತ್ತು.

"ಏನಪ್ಪಾ ರಂಗಪ್ಪ, ಎಣ್ಣೆ ಹಚ್ಚಿದೀಯಾ?"

ಡ್ರೈವರ್ ರಂಗಪ್ಪ ಎದೆಯುಬ್ಬಿಸಿದ. "ಹೂಂ ಮತ್ತೆ! ಪ್ರತಿ ಸೋಮವಾರ ಪೂಜೆಗೆ ಮುಂಚೆ ತೆಂಗಿನ ನಾರಲ್ಲಿ ಗಸಗಸ ಉಜ್ಜಿ ತೊಳ್ದು, ಗಾಣದ ಕೊಬ್ರಿ ಎಣ್ಣೆ ಹಚ್ತೀನಿ ಕಣಣ್ಣ. ಎಂಟು ವರ್ಷದಿಂದ ಒಂದು ವಾರ ತಪ್ಸಿಲ್ಲ."

ತೆಂಗಿನ ಸೀಮೆಯ ಜನಕ್ಕೆ ತಲೆಗೂ ಅದೇ, ಬಾಣಂತಿಗೂ ಅದೇ, ಬಾಗಿಲ ಕೀಲಿಗೂ ಅದೇ. ಅಂಬಾಸಿಡರ್ ಏನು ಪಾಪ ಮಾಡಿತ್ತು? ತಿಪ್ಪಯ್ಯ ಬಿಸಿನೀರಿಗೆ ವಾಷಿಂಗ್ ಸೋಡಾ ಕಲಕಿ ಕಾರನ್ನು ತೊಳೆದ. ಎಣ್ಣೆ ಹೋದದ್ದೇ ತಡ, ಬಿಸಿಲಿನಲ್ಲಿ ಕಾರಿನ ನಿಜವಾದ ಮೈ ಹೊರಗೆ ಬಂತು. ಎಂಟು ವರ್ಷದ ನಾರಿನ ಗೀರು, ಒಂದರ ಮೇಲೊಂದು, ಬಾನೆಟ್ಟಿನ ತುಂಬ. ಅಡುಗೆಮನೆಯ ಕಂಚಿನ ತಂಬಿಗೆಯನ್ನು ಉಜ್ಜುವ ಹಾಗೆ ಉಜ್ಜಿದ್ದ ಮಹಾನುಭಾವ. ಮರುಳಸಿದ್ದಯ್ಯನವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ರಂಗಪ್ಪ ಟಯರು ನೋಡತೊಡಗಿದ.

ತಿಪ್ಪಯ್ಯನಿಗೆ ಕಾಣುತ್ತಿದ್ದದ್ದು ಬೇರೆ. ಗೀರು ಆಳವಾಗಿದೆ, ಅಂದರೆ ಹೊಸ ಮಿಷನ್ನಿಗೆ ಒಂದು ದಿನದಲ್ಲಿ ಬಗ್ಗುವಂಥದ್ದಲ್ಲ. ಎಂಟು ವರ್ಷ ಸವೆದ ಬಣ್ಣ ತೆಳ್ಳಗಿದೆ, ಅಂದರೆ ಹಳೆಯ ಮಿಷನ್ನು ಸ್ವಲ್ಪ ಹೆಚ್ಚಾಗಿ ನಿಂತರೂ ಬಾನೆಟ್ಟಿನ ನಡುವೆ ಉಬ್ಬಿದ ಏಣು ಸುಟ್ಟು ಹೋಗುತ್ತದೆ. ಒಳ್ಳೆಯ ಅಂಗೈ ಇದ್ದವನು ರೋಟರಿಯಲ್ಲೇ ಇದನ್ನು ಗೆಲ್ಲುತ್ತಿದ್ದ. ಎರಡು ತಿಂಗಳ ಹಿಂದಿನ ತಿಪ್ಪಯ್ಯ ಗೆಲ್ಲುತ್ತಿದ್ದ.

ಅವನು ಹೊಸದನ್ನೇ ಕೈಗೆತ್ತಿಕೊಂಡು ಡಿಕ್ಕಿಯ ಕಡೆಯಿಂದ ಶುರು ಮಾಡಿದ. ಆರ್ಬಿಟಲ್ ಗುಂಯ್ಯೆನ್ನುತ್ತ, ತಾಯಿ ಮಗುವಿನ ತಲೆಗೆ ಎಣ್ಣೆ ತಟ್ಟುವ ಹಾಗೆ ಮೆಲ್ಲಗೆ ಸವರುತ್ತ ಓಲಾಡಿತು. ಅರ್ಧ ಗಂಟೆಯಾಯಿತು. ಡಿಕ್ಕಿಗೆ ಹೊಳಪು ಬಂತು, ಮಬ್ಬು ಹೋಯಿತು, ದೊಡ್ಡ ಗೀರುಗಳು ಮಾತ್ರ ನಾವು ಇಲ್ಲೇ ಇದ್ದೇವೆ ಎಂದು ನಗುತ್ತಿದ್ದವು.

"ಏನಯ್ಯಾ ಇದು, ಹೆಂಗಸ್ರು ದೇವರ ಪಟ ಒರ್ಸೋ ಹಂಗೆ?" ಮರುಳಸಿದ್ದಯ್ಯನವರು ಕುರ್ಚಿಯಿಂದ ಎದ್ದರು. "ಆ ಆಟದ ಸಾಮಾನು ಅತ್ತ ಮಡಗು. ನಿನ್ನ ಹಳೇದು ಎಲ್ಲಿ?"

"ಇದು ಬಣ್ಣಕ್ಕೆ ಒಳ್ಳೇದು ಯಜಮಾನ್ರೇ. ನಿಮ್ಮ ಗಾಡಿ ಬಣ್ಣ ಸವೆದೈತೆ. ಒಂದೊಂದು ಗೀರು ಉಳ್ದರೂ ಉಳೀಲಿ ಬುಡಿ, ಬಣ್ಣ ಉಳೀತದೆ."

"ಗೀರು ಉಳ್ಸೋಕೆ ನಿನ್ತಾವ ಯಾಕೆ ಬರ್ಬೇಕಾಗಿತ್ತು ನಾನು? ಇಡೀ ತಾಲ್ಲೂಕಿನಾಗೆ ಆ ಮಿಷನ್ನು ನಿನ್ನಂಗೆ ಹಿಡಿಯೋನು ಇನ್ನೊಬ್ಬ ಇಲ್ಲ ಅಂತ ನಾನೇ ಹತ್ತು ಜನಕ್ಕೆ ಹೇಳಿದೀನಿ. ಯಾಕೆ, ಕೈಗೆ ಏನಾದ್ರೂ ಆಗೈತಾ?"

ಅವರು ಸುಮ್ಮನೆ ಆಡಿದ ಮಾತು. ತಿಪ್ಪಯ್ಯನಿಗೆ ಹಾಗೆ ಕೇಳಿಸಲಿಲ್ಲ. "ಕೈಗೇನಾಗೈತೆ? ಏನೂ ಇಲ್ಲ" ಎಂದು ನಕ್ಕು, ಹೋಗಿ ರೋಟರಿ ಎತ್ತಿಕೊಂಡ. ಆ ನಗುವನ್ನು ನೋಡಿದ್ದರೆ ಹೊಂಬಾಳಮ್ಮ ಮಿಷನ್ನನ್ನು ಕಿತ್ತುಕೊಳ್ಳುತ್ತಿದ್ದಳು.

ಬಾನೆಟ್ಟಿನ ಮೇಲೆ ಗೀರು ತಿಕ್ಕುವ ಕಾಂಪೌಂಡು ಪೇಸ್ಟು ಬಳಿದು ಸ್ವಿಚ್ಚು ಒತ್ತಿದ. ಹಳೆಯ ಮಿಷನ್ನು ಅಬ್ಬರಿಸಿತು. ಒಂದು, ಎರಡು, ಮೂರು ಸುತ್ತು; ನಿಲ್ಲಿಸಿ ಅಂಗೈ ಇಟ್ಟ. ಮಣ್ಣಿನ ಗೋಡೆ ಮುಟ್ಟಿದ ಹಾಗೆ, ಏನೂ ಇಲ್ಲ. ಕಣ್ಣಿನಲ್ಲೇ ಅಳೆಯುತ್ತೇನೆ ಎಂದುಕೊಂಡ. ಮೂಗಿನಲ್ಲಿ ವಾಸನೆ ಹಿಡಿದ. ಎಣಿಸಿದ, ಒಂದೊಂದು ಗೇಣಿಗೂ ಹತ್ತರವರೆಗೆ, ಮಧ್ಯದಲ್ಲಿ ಲೆಕ್ಕ ತಪ್ಪಿತು, ಮತ್ತೆ ಎಣಿಸಿದ. ಗೀರುಗಳು ಹೋಗುತ್ತಿದ್ದವು, ಅದೊಂದು ನಿಜ. ಎಡಭಾಗ ಕೆರೆಯ ನೀರಿನಂತೆ ಆಳವಾಗಿ ಕಪ್ಪಾಯಿತು. ಮರುಳಸಿದ್ದಯ್ಯನವರು "ಭೇಷ್!" ಎಂದರು. ತಿಪ್ಪಯ್ಯನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬಾನೆಟ್ಟಿನ ನಡುವಿನ ಏಣು ಬಂತು. ಮೂರು ಸುತ್ತು ಓಡಿಸಿ, ನಿಲ್ಲಿಸಿ, ಅಭ್ಯಾಸದಂತೆ ಅಂಗೈಯನ್ನು ಒತ್ತಿಟ್ಟು ನಿಂತ. ನೋಡುವವರಿಗಾಗಿ ಸ್ವಲ್ಪ ಹೊತ್ತು ಹೆಚ್ಚೇ ಇಟ್ಟ.

ಆ ಹೊಳಪು ಕಂಡು ತಡೆಯಲಾರದೆ ಮರುಳಸಿದ್ದಯ್ಯನವರು ಮುಂದೆ ಬಂದು, ಅವನ ಕೈ ಪಕ್ಕದಲ್ಲೇ ತಮ್ಮ ಕೈ ಇಟ್ಟರು.

"ಅಯ್ಯಯ್ಯಪ್ಪಾ!"

ಕೈಯನ್ನು ಕಿತ್ತುಕೊಂಡು ಕೊಡವಿದರು. ಊದಿಕೊಂಡರು. ಆಮೇಲೆ ನೋಡಿದರು. ತಿಪ್ಪಯ್ಯನ ಅಂಗೈ ಇನ್ನೂ ಅಲ್ಲೇ ಇತ್ತು, ಆರಾಮಾಗಿ. ಅವನು ಗಾಬರಿಯಿಂದ ಎತ್ತಿಕೊಂಡಾಗ ಕೆಂಪಗೆ ಬೆಂದಿತ್ತು.

ರಂಗಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಸರಿದದ್ದು ತನಗೇ ಗೊತ್ತಾಗದ ಹಾಗೆ ಸರಿದ. ಮರುಳಸಿದ್ದಯ್ಯನವರು ತಗ್ಗಿದ ದನಿಯಲ್ಲಿ, ಜೀವಮಾನದಲ್ಲಿ ಮೊದಲ ಸಲವೋ ಏನೋ, "ಎಷ್ಟು ದಿವ್ಸದಿಂದ ಹಿಂಗೆ?" ಎಂದರು.

ತಿಪ್ಪಯ್ಯನಿಗೆ ಸುಳ್ಳು ಹೊಳೆಯಲಿಲ್ಲ. "ಎರಡು ತಿಂಗ್ಳು."

ಮರುಳಸಿದ್ದಯ್ಯನವರು ತಲೆಯಾಡಿಸಿದರು. ಹೊರಗಿನ ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತೊಳೆದರು. ಮತ್ತೊಮ್ಮೆ ತೊಳೆದರು. ಕೈಗೆ ಕಾಂಪೌಂಡು ಮೆತ್ತಿತ್ತು, ಯಾರಾದರೂ ತೊಳೆಯುತ್ತಾರೆ. ಆದರೆ ಮೊಣಕೈವರೆಗೆ ಯಾಕೆ ತೊಳೆಯಬೇಕು? ಅದನ್ನೇ ನೋಡುತ್ತ ನಿಂತ ತಿಪ್ಪಯ್ಯನಿಗೆ ಇಡೀ ಬದುಕು ಆ ನಲ್ಲಿಯ ಕೆಳಗೆ ಹರಿದು ಹೋಗುತ್ತಿದೆ ಅನ್ನಿಸಿತು. ಇನ್ನು ಮುಚ್ಚಿಡುವುದಕ್ಕೆ ಏನು ಉಳಿಯಿತು? ಮಧ್ಯಾಹ್ನದೊಳಗೆ ಮಂಡಿಗೆ, ಸಂಜೆಯೊಳಗೆ ಬಸ್ ಸ್ಟ್ಯಾಂಡಿಗೆ ಗೊತ್ತಾಗುತ್ತದೆ. ಅವನು ಮಿಷನ್ನಿನ ವೈರು ಕಿತ್ತಿಟ್ಟು, ಯಾರ ಮುಖವನ್ನೂ ನೋಡದೆ ಆಸ್ಪತ್ರೆಯ ಕಡೆಗೆ ನಡೆದೇ ಹೊರಟ. ಈ ಸಲ ಗೇಟಿನಲ್ಲಿ ನಿಲ್ಲಲಿಲ್ಲ.

ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನವರು. ಅವನ ಅಂಗಿ ಬಿಚ್ಚಿಸಿ ಬೆನ್ನು, ತೋಳು, ಕಿವಿ ಎಲ್ಲ ನೋಡಿದರು. ಕಣ್ಣು ಮುಚ್ಚಿಸಿ ಅರಳೆ ತಾಗಿಸಿದರು, ಗುಂಡುಸೂಜಿ ತಾಗಿಸಿದರು. ಮೊಣಕೈ ಹಿಂದಿನ ನರವನ್ನು ಬೆರಳಿನಲ್ಲಿ ಹುಡುಕಿ ಅಮುಕಿದರು. ಒಂದು ಬೋಗುಣಿ ತಣ್ಣೀರಿನಲ್ಲಿ ಕೈ ಅದ್ದಿಸಿದರು, ಬೆರಳು ಬೆಳ್ಳಗಾದವು. ತಿಪ್ಪಯ್ಯ ಕಣ್ಣು ಮುಚ್ಚಿಕೊಂಡ.

"ಏನು ಕೆಲಸ ಮಾಡ್ತೀರಿ?"

"ಕಾರು ಪಾಲಿಶ್ ಸ್ವಾಮಿ. ಮಿಷನ್ನಲ್ಲಿ."

"ಎಷ್ಟು ವರ್ಷದಿಂದ?"

"ಹದಿನೇಳು."

ಡಾಕ್ಟರು ಅವನ ಬಿಳಿಯ ಬೆರಳುಗಳನ್ನು ತಮ್ಮ ಎರಡು ಕೈಯಲ್ಲೂ ಹಿಡಿದು ತಿಕ್ಕತೊಡಗಿದರು. "ಇದು ಕುಷ್ಠ ಅಲ್ಲ. ಮಚ್ಚೆ ಇಲ್ಲ, ನರ ದಪ್ಪ ಆಗಿಲ್ಲ. ಇಷ್ಟು ವರ್ಷ ಅದುರೋ ಮಿಷನ್ ಹಿಡಿದು ಹಿಡಿದು ಬೆರಳಿನ ನರ, ರಕ್ತನಾಳ ಕೆಟ್ಟಿದಾವೆ. ಒಂದು ವೇಳೆ ಕುಷ್ಠವೇ ಆಗಿದ್ದರೂ ಈಗ ಮಾತ್ರೆ ಇದೆ, ವಾಸಿಯಾಗುತ್ತೆ. ಇದಕ್ಕೆ ಮಾತ್ರೆ ಇಲ್ಲ. ಮಿಷನ್ ಬಿಡಬೇಕು."

"ಹೊಸದೊಂದು ಬಂದೈತೆ ಸ್ವಾಮಿ, ಮೆತ್ತಗೆ ಓಡ್ತದೆ..."

"ಅದು ಅದುರಲ್ವೇನು?"

ಅದುರುತ್ತಿತ್ತು. ತಿಪ್ಪಯ್ಯ ತಲೆ ತಗ್ಗಿಸಿದ.

"ನೀವು ಹಿಡೀಬಾರ್ದು. ಎರಡೂ. ಬಿಟ್ರೆ ಸ್ಪರ್ಶ ಸ್ವಲ್ಪ ವಾಪಸು ಬರಬಹುದು, ಬರದೆಯೂ ಇರಬಹುದು." ಡಾಕ್ಟರು ಚೀಟಿಯಲ್ಲಿ ಹೆಸರು ಬರೆಯುತ್ತ ತಲೆ ಎತ್ತಿದರು. "ತಿಪ್ಪಯ್ಯ ಅಂದ್ರೆ... ಹೊಂಬಾಳಮ್ಮ ನಿಮ್ಮ ಮನೆಯವರಾ? ಹೋದ ಗುರುವಾರ ಬಂದಿದ್ರು. ಗಂಡ ಕುದಿಯೋ ಕಾಫಿ ಲೋಟ ಬರಿಗೈಲಿ ಹಿಡ್ಕಂಡು ಕೂತಿದ್ರು, ಅವರಾಗೇ ಬಾಯಿ ಬಿಡ್ತಾ ಇಲ್ಲ, ಆ ರೋಗ ಆದ್ರೆ ಮನೇಲೇ ಇಟ್ಕಂಡು ಹೆಂಗೆ ನೋಡ್ಕಬೇಕು ಹೇಳಿ ಅಂತ ಕೇಳಿದ್ರು. ಮೊದಲು ಕರ್ಕೊಂಡು ಬನ್ನಿ ಅಂದೆ. ಬಲವಂತ ಮಾಡಿದ್ರೆ ಎಲ್ಲಾದ್ರೂ ಓಡೋಗ್ತಾರೆ, ಕಾಯ್ತೀನಿ ಅಂದ್ರು."

ತಿಪ್ಪಯ್ಯ ಅಲ್ಲಿಂದ ಹೇಗೆ ಎದ್ದನೋ, ಯಾವ ರಸ್ತೆಯಲ್ಲಿ ಬಂದನೋ ಅವನಿಗೆ ನೆನಪಿಲ್ಲ. ಜೀವ ಉಳಿಯಿತು ಎಂದು ಕುಣಿಯಬೇಕಿತ್ತು. ಕೆಲಸ ಹೋಯಿತು ಎಂದು ಅಳಬೇಕಿತ್ತು. ಎರಡೂ ಬರಲಿಲ್ಲ.

ಶೆಡ್ಡಿನ ಮುಂದಿನ ಹೊಂಗೆ ಮರದ ಕೆಳಗೆ ಮರುಳಸಿದ್ದಯ್ಯನವರೂ ರಂಗಪ್ಪನೂ ನಿಂತಿದ್ದರು. ಒಳಗಿಂದ ಗುಂಯ್ಯೆನ್ನುವ ಸದ್ದು ಬರುತ್ತಿತ್ತು. ಯಾರು ಸುದ್ದಿ ಮುಟ್ಟಿಸಿದ್ದರೋ, ಹೊಂಬಾಳಮ್ಮ ಬಂದಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ವಿಮಲಮ್ಮನ ಆರ್ಬಿಟಲ್ಲನ್ನು ಎರಡು ಕೈಯಲ್ಲೂ ಹಿಡಿದು, ಡಿಕ್ಕಿಯ ಮೇಲೆ ಆಡಿಸುತ್ತಿದ್ದಳು.

"ಏನಂದ್ರಯ್ಯಾ ಡಾಕ್ಟ್ರು?" ಮರುಳಸಿದ್ದಯ್ಯನವರು ಮರದ ಕೆಳಗಿನಿಂದಲೇ ಕೂಗಿದರು.

ತಿಪ್ಪಯ್ಯ ನೇರವಾಗಿ ಒಳಗೆ ಹೋದ. ಹೊಂಬಾಳಮ್ಮ ಸ್ವಿಚ್ಚು ಆರಿಸಿ, ಬಂದು ಅವನ ಬಲಗೈಯನ್ನು ತಿರುಗಿಸಿ ನೋಡಿದಳು. ಕೆಂಪಾದ ಜಾಗವನ್ನು ಹೆಬ್ಬೆರಳಿನಲ್ಲಿ ಮೆಲ್ಲಗೆ ಸವರಿದಳು.

"ಉರೀತಾ ಐತಾ?"

"ಗೊತ್ತಾಗಲ್ಲ ಕಣೇ" ಎಂದ ತಿಪ್ಪಯ್ಯ. ಎರಡು ತಿಂಗಳಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಂದ ಹೊರಬಿತ್ತು.

"ಹೂಂ."

"ಡಾಕ್ಟ್ರು ಏನಂದ್ರು ಅಂತ ಕೇಳಲ್ವಾ ನೀನು?"

"ಕೇಳ್ತೀನಿ ಬುಡಿ, ಅದು ಏನಿದ್ರೂ ಮನೆಗೆ ತಾನೆ ಬರೋದು. ಮೊದ್ಲು ಈ ಮಿಷನ್ನು ನೆಟ್ಟಗೆ ಹಿಡಿಯೋದು ಹೆಂಗೆ ಅಂತ ಹೇಳ್ಕೊಡಿ. ಯಜಮಾನ್ರಿಗೆ ಐದು ಗಂಟೆಗೆ ಗಾಡಿ ಬೇಕಂತೆ. ಗೀರು ಇದ್ರೆ ಇರ್ಲಿ, ಸುಡದಿದ್ರೆ ಸಾಕು ಅಂತ ಒಪ್ಸಿದೀನಿ. ಒಂದು ರಾಶಿ ಕೊಬ್ರಿ ಸುಲಿಯೋ ಕೈಗೆ ಇದೇನು ಭಾರ."

ಅವಳ ದನಿಯಲ್ಲಿ ಒಂಚೂರೂ ನಡುಕವಿರಲಿಲ್ಲ. ತಿಪ್ಪಯ್ಯ ಅವಳ ಹಿಂದೆ ನಿಂತು, ತಟ್ಟೆ ಓರೆಯಾಗದ ಹಾಗೆ ಹೇಗೆ ಹಿಡಿಯಬೇಕು, ಎಷ್ಟು ಒತ್ತಬೇಕು ಎಂದು ತೋರಿಸಿದ. ಅವಳ ಕೈ ಮೇಲೆ ತನ್ನ ಕೈ ಇಟ್ಟಾಗ ಅದು ಬೆಚ್ಚಗಿದೆಯೋ ತಣ್ಣಗಿದೆಯೋ ತಿಳಿಯಲಿಲ್ಲ. ಅದರಿಂದಲೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಯಿತು.

"ಏನಂದ್ರು ಅಂದೆ ಕಣಯ್ಯ!" ಹೊರಗಿನಿಂದ ಮತ್ತೆ ಕೂಗು.

ತಿಪ್ಪಯ್ಯ ಬಾಗಿಲ ಕಡೆ ತಿರುಗಿ ಕೂಗಿ ಹೇಳಿದ. "ಆ ರೋಗ ಅಲ್ವಂತೆ ಯಜಮಾನ್ರೇ! ಮಿಷನ್ನು ಹಿಡ್ದು ಹಿಡ್ದು ಹಿಂಗಾಗಿರೋದಂತೆ!"

"ಥತ್, ಅಷ್ಟೇನಾ!" ಎನ್ನುತ್ತ ಮರುಳಸಿದ್ದಯ್ಯನವರು ದಾಪುಗಾಲು ಹಾಕಿ ಒಳಗೆ ಬಂದರು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು, ಎಲ್ಲರಿಗೂ ಕಾಫಿ ತಾ ಎಂದು ರಂಗಪ್ಪನನ್ನು ಓಡಿಸಿದರು, ತಮಗೆ ಮೊದಲೇ ಗೊತ್ತಿತ್ತು ಎಂಬಂತೆ ಏನೇನೋ ಮಾತಾಡತೊಡಗಿದರು.

ಹೊಂಬಾಳಮ್ಮ ಮಾತ್ರ ಮಿಷನ್ನನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟಳು. ಎರಡು ಹೆಜ್ಜೆ ನಡೆದಳು. ಕಾರಿನ ಹಿಂದಿನ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು, ಭುಜ ಅಲುಗುವ ಹಾಗೆ ಅತ್ತಳು.